ಬೀದಿನಾಯಿಗಳ ಶುಶ್ರೂಷೆ ಮತ್ತು ಅದರ ವೆಚ್ಚ: ಒಂದು ವಿವೇಚನೆ

ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಸಂಕ್ರಮಣದ ಕಾಲಕ್ಕೆ ಜರುಗುವ ಮಲ್ಲಯ್ಯನ ಜಾತ್ರೆಯನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಮೈಲಾರಲಿಂಗನ ಪರಂಪರೆಯಲ್ಲಿ ನಾಯಿಯು ದೇವರ ಸಂಗಾತಿ. ದೋಣಿಯಲ್ಲಿ ಇಟ್ಟ ಎಡೆಯನ್ನು ಗೊರವರು ನಾಯಿಗಳಂತೆ ಬೊಗಳುತ್ತ ಸ್ವೀಕರಿಸುವ ಆಚರಣೆ ಆ ಪರಂಪರೆಗೆ ಸೇರಿದ್ದು. ಇದೇ ಮೈಲಾಪುರದಲ್ಲಿ ಪಲ್ಲಕ್ಕಿಯ ಮೇಲೆ ಹರಕೆಯ ಕುರಿಮರಿಗಳನ್ನು ಎಸೆಯುವ ರೂಢಿಯೂ ಇದ್ದಿತು. ಜಿಲ್ಲಾಡಳಿತವು ಅದನ್ನು ನಿಷೇಧಿಸಿ, ಜಾತ್ರೆಯ ದಾರಿಗಳಲ್ಲಿ ತಪಾಸಣೆ ನಡೆಸಿ ಮರಿಗಳನ್ನು ವಶಕ್ಕೆ ಪಡೆಯುವ ಏರ್ಪಾಡು ಮಾಡಿತು. ಮೂಕಪ್ರಾಣಿಯ ನೋವನ್ನು ಕುರಿತ ಆಲೋಚನೆ ನಮ್ಮ ಭಾಗಕ್ಕೆ ತೀರ ಅಪರಿಚಿತವೇನಲ್ಲ. ಆದರೆ ದೇವರ ಸಂಗಾತಿಯೆನಿಸಿದ ನಾಯಿ ಲಾರಿಯ ಚಕ್ರಕ್ಕೆ ಸಿಕ್ಕಿ ಕಾಲು ಮುರಿದುಕೊಂಡಾಗ ಅದನ್ನು ಎತ್ತುವವರು ಯಾರು, ಒಯ್ಯುವುದು ಎಲ್ಲಿಗೆ, ಔಷಧದ ಹಣ ತೆರುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಸಿದ್ಧವಾದ ಉತ್ತರವಿಲ್ಲ.

ಈ ಪ್ರಶ್ನೆ ಈಗ ಶಾಲೆಯ ಬಾಗಿಲಿಗೇ ಬಂದಿದೆ. ವಿದ್ಯಾಸಂಸ್ಥೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆಗೆದು, ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ತರುವಾಯ ಆಶ್ರಯತಾಣಗಳಲ್ಲಿ ಇರಿಸಬೇಕೆಂದೂ, ಮರಳಿ ಅದೇ ಆವರಣಕ್ಕೆ ಬಿಡಕೂಡದೆಂದೂ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು ಆದೇಶಿಸಿತು. ಬೇಲಿ ಹಾಕಿಸಿದರೆ ಕೆಲಸ ತೀರಿತೆಂದು ಆಡಳಿತ ವರ್ಗದವರು ಭಾವಿಸುವ ಸಂಭವವುಂಟು. ಆದರೆ ತಾಂಡಾಗಳಿಂದ, ಹೊಲದ ಮನೆಗಳಿಂದ ನಡೆದು ಬರುವ ಮಕ್ಕಳು ನಾಯಿಯನ್ನು ಎದುರುಗೊಳ್ಳುವುದು ಬೇಲಿಯ ಹೊರಗೆ.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿದ್ದ ಬೀದಿನಾಯಿಗಳು 11 ಲಕ್ಷಕ್ಕೂ ಹೆಚ್ಚು. ನಾಯಿಯ ಗರ್ಭಾವಧಿ ಸುಮಾರು 63 ದಿನ; ವರ್ಷಕ್ಕೆ ಎರಡು ಸೂಲು ಸಾಧ್ಯ. ಎಲ್ಲಿ ಅನ್ನ ಚೆಲ್ಲುವುದೋ ಅಲ್ಲಿ ನಾಯಿ ನಿಲ್ಲುವುದು. ಸಂತೆಯ ಮಾಂಸದಂಗಡಿ, ಖಾನಾವಳಿಯ ಹಿತ್ತಲು, ಮದುವೆಮಂಟಪದ ಎಂಜಲೆಲೆಯ ರಾಶಿ, ಸಂಕೋಚವಿಲ್ಲದೆ ಹೇಳುವುದಾದರೆ ನಮ್ಮ ಪ್ರಸಾದನಿಲಯಗಳ ಹಿಂಬಾಗಿಲು, ಇವೇ ಅವುಗಳ ಜೀವನಾಧಾರ. ಮುಚ್ಚಳವಿಲ್ಲದ ಕಸದ ತೊಟ್ಟಿಯನ್ನು ಹಾಗೆಯೇ ಬಿಟ್ಟು ನಾಯಿಯನ್ನು ಮಾತ್ರ ಸಾಗಿಸಿದರೆ, ಆ ಸ್ಥಳಕ್ಕೆ ಲಸಿಕೆ ಕಾಣದ ಬೇರೊಂದು ನಾಯಿ ಬಂದು ಸೇರುವುದು.

ಇಲ್ಲಿ ಹುಚ್ಚುನಾಯಿ ರೋಗದ ಮಾತನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ. ರೇಬೀಸ್ ವಿಷಾಣು ರೋಗಪೀಡಿತ ಪ್ರಾಣಿಯ ಜೊಲ್ಲಿನ ಮೂಲಕ ಗಾಯವನ್ನು ಹೊಕ್ಕು, ನರಗಳ ಗುಂಟ ಮೆದುಳನ್ನು ಸೇರುತ್ತದೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ಆದರೆ ಅದಕ್ಕೆ ಮುನ್ನ ತಡೆಯುವುದು ಸಂಪೂರ್ಣ ಸಾಧ್ಯ. 1885ರ ಜುಲೈಯಲ್ಲಿ ಲೂಯಿ ಪಾಸ್ತರನು ಒಂಬತ್ತು ವರ್ಷದ ಬಾಲಕನಿಗೆ ಲಸಿಕೆ ಕೊಟ್ಟು ಇದನ್ನು ತೋರಿಸಿದನು. ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬ ಭಯ ನಮ್ಮ ಹಿರಿಯ ಹಳೆಯ ವಿದ್ಯಾರ್ಥಿಗಳ ನೆನಪಿನಲ್ಲಿರಬಹುದು. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ 2005ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗಿನದನ್ನು ತೋಳಿನ ಚರ್ಮದೊಳಗೆ ಮೊದಲ ದಿನ ಕೊಟ್ಟು, ಅಲ್ಲಿಂದ 3, 7 ಮತ್ತು 28 ದಿನಗಳಿಗೆ ಮತ್ತೆ ಕೊಡುತ್ತಾರೆ. ಆಳವಾದ ಕಡಿತಕ್ಕೆ ಇದರೊಡನೆ ಪ್ರತಿವಿಷ ಚುಚ್ಚುಮದ್ದೂ ಬೇಕು. ಇವೆಲ್ಲಕ್ಕೂ ಮೊದಲು ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಖಾರದ ಪುಡಿ, ಸುಣ್ಣ, ಸೊಪ್ಪಿನ ರಸ ಮೆತ್ತಿ ಕಾಲ ಕಳೆಯುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಉಪಾಧ್ಯಾಯರು ಇದೊಂದನ್ನು ತರಗತಿಯಲ್ಲಿ ಬಿಡಿಸಿ ಹೇಳಿದರೂ ಜೀವ ಉಳಿದೀತು.

ನಾಯಿಯ ಆರೈಕೆಯೂ ಮಗುವಿನ ರಕ್ಷಣೆಯೂ ಬೇರೆಬೇರೆಯಲ್ಲವೆಂಬುದಕ್ಕೆ ನೆರೆಯ ಗೋವೆಯೇ ನಿದರ್ಶನ. ಊರಿನ ನಾಯಿಗಳಲ್ಲಿ ಶೇಕಡಾ 70ಕ್ಕೆ ಲಸಿಕೆ ಹಾಕಿದರೆ ರೋಗದ ಸರಪಳಿ ಕಡಿಯುವುದೆಂದು ತಜ್ಞರ ಮತ. ಗೋವೆಯಲ್ಲಿ ಸರ್ಕಾರವೂ ಸೇವಾಸಂಸ್ಥೆಗಳೂ ಕೂಡಿ ಮನೆಮನೆ, ಬೀದಿಬೀದಿ ತಿರುಗಿ ಲಸಿಕೆ ಹಾಕಿದುದರ ಫಲವಾಗಿ 2021ರಲ್ಲಿ ಅದು ರೇಬೀಸ್ ನಿಯಂತ್ರಿತ ರಾಜ್ಯವೆಂದು ಘೋಷಿತವಾಯಿತು. ಜಯಪುರದಲ್ಲಿ 1994ರಿಂದ 2002ರವರೆಗೆ ಸಂತಾನಹರಣ ಮತ್ತು ಲಸಿಕೆ ಎರಡನ್ನೂ ನಡೆಸಿದಾಗ, ಆ ಪ್ರದೇಶದ ನಾಯಿಗಳ ಸಂಖ್ಯೆ ಶೇಕಡಾ 28ರಷ್ಟು ಇಳಿಯಿತು. ಆ ಕಾರ್ಯ ನಡೆಸಿದ ಸಂಸ್ಥೆಯನ್ನು 1980ರಲ್ಲಿ ಕಟ್ಟಿದವರು ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ. ಮುಂದೆ ಎಂಬತ್ತು ದಾಟಿದ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು, 1991ರಲ್ಲಿ ‘ಕ್ಯೂಪಾ’ ಎಂಬ ಪ್ರಾಣಿದಯಾ ಸಂಸ್ಥೆಗೆ ತಳಹದಿ ಹಾಕಿದವರೂ ಅವರೇ. ಆ ವಯಸ್ಸಿನಲ್ಲಿ ಹೊಸ ಊರು, ಹೊಸ ಸಂಸ್ಥೆ! ನಮ್ಮಲ್ಲಿ ನಿವೃತ್ತರಾದ ಮಹನೀಯರು ಇದನ್ನು ಗಮನಿಸಬೇಕು.

ಇನ್ನು ವೆಚ್ಚದ ವಿಚಾರ. ಹುರುಕು ಹತ್ತಿ ಮೈಗೂದಲು ಉದುರಿದ ನಾಯಿಗೆ ಬೇಕಾಗುವುದು ಅಲ್ಪ ಬೆಲೆಯ ಔಷಧ. ಹುಳು ಬಿದ್ದ ಗಾಯಕ್ಕೆ ಕೆಲವು ದಿನಗಳ ಶುಚಿ ಮತ್ತು ಮುಲಾಮು. ಅಂಟುಗಡ್ಡೆಯ ರೋಗಕ್ಕೆ ವಾರಕ್ಕೊಂದರಂತೆ ಹಲವು ಚುಚ್ಚುಮದ್ದು ಬೇಕು; ಮೂಳೆ ಮುರಿದರೆ ಖರ್ಚು ಇನ್ನೂ ಹೆಚ್ಚು. ಸರ್ಕಾರಿ ಪಶು ಆಸ್ಪತ್ರೆಗಳ ಮುಖ್ಯ ಕೆಲಸ ಎತ್ತು, ಎಮ್ಮೆ, ಕುರಿಗಳದು. ಒಕ್ಕಲುತನದ ನಾಡಿನಲ್ಲಿ ಅದು ನ್ಯಾಯವೇ. ಒಡೆಯನಿಲ್ಲದ ನಾಯಿಯನ್ನು ಅಲ್ಲಿಯವರೆಗೆ ಒಯ್ಯುವ ಆಟೋ ಬಾಡಿಗೆ, ಹೊರಗೆ ಕೊಳ್ಳಬೇಕಾದ ಔಷಧ, ವಾಸಿಯಾಗುವವರೆಗೆ ನೆರಳು ಮತ್ತು ನೀರು, ಈ ಸಣ್ಣ ಬಾಬುಗಳಿಗೆ ಹಣವಿಲ್ಲದೆ ಜೀವ ಹೋಗುವುದೇ ಹೆಚ್ಚು. ಬಿಸ್ಕತ್ತು ಹಾಕುವ ಕೈಗಳು ಬಹಳ. ಲಸಿಕೆಯ ಬಿಲ್ಲು ತೆರುವವು ವಿರಳ.

ಆದುದರಿಂದ ಹಳೆಯ ವಿದ್ಯಾರ್ಥಿಗಳ ಸಂಘವು ಇದಕ್ಕೆಂದೇ ಒಂದು ಪ್ರತ್ಯೇಕ ನಿಧಿಯನ್ನಿಡುವುದು ಯೋಗ್ಯವೆಂದು ನನ್ನ ಅಭಿಪ್ರಾಯ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಶಾಲೆ ತಾನೇ ಕೈಗೊಳ್ಳುವಂತಿಲ್ಲ. 2023ರ ನಿಯಮಗಳಂತೆ ಅದು ಸ್ಥಳೀಯ ಸಂಸ್ಥೆಯ ಹೊಣೆ. ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದವರ ಮೂಲಕವೇ ನಡೆಯಬೇಕು. ನಗರಸಭೆಗೆ ಲಿಖಿತ ಮನವಿ ಕೊಟ್ಟು ಬೆನ್ನು ಹತ್ತುವುದು ನಮ್ಮ ಪಾಲಿನ ಕೆಲಸ. ಲಸಿಕೆ, ಪ್ರಥಮ ಚಿಕಿತ್ಸೆ, ಸಾಗಣೆಗಳನ್ನು ನಿಧಿಯು ಹೊರಬಲ್ಲದು. ದಾಖಲೆ ಪುಸ್ತಕದಲ್ಲಿ ದಿನಾಂಕ, ಸ್ಥಳ, ನಾಯಿಯ ಬಣ್ಣ ಮತ್ತು ಲಿಂಗ, ಕಿವಿಯ ಗುರುತು, ಹಾಕಿದ ಲಸಿಕೆ, ವೈದ್ಯರ ಸಹಿ, ಖರ್ಚು ಇಷ್ಟಿದ್ದರೆ ದಾನಿಗಳಿಗೆ ತಮ್ಮ ಹಣ ಹೋದ ದಾರಿ ಕಾಣುವುದು. ಮಕ್ಕಳು ಗಾಯಗೊಂಡ ನಾಯಿಯನ್ನು ಮುಟ್ಟಕೂಡದು; ಅವರು ಸುದ್ದಿ ತಂದರೆ ಸಾಕು. ಮುಟ್ಟುವ ಹಿರಿಯರು ಮುಂಚಿತವಾಗಿಯೇ ತಾವು ಲಸಿಕೆ ಹಾಕಿಸಿಕೊಂಡಿರಬೇಕು.

ಹೊಸ ಮರಿಗಳು ಹುಟ್ಟುತ್ತಲೇ ಇರುವುದರಿಂದ ಲಸಿಕೆಯ ಕೆಲಸ ಪ್ರತಿವರ್ಷದ್ದು. ಒಮ್ಮೆ ಬರುವ ದೊಡ್ಡ ದೇಣಿಗೆಗಿಂತ ವರ್ಷವರ್ಷವೂ ತಪ್ಪದೆ ಬರುವ ಸಣ್ಣ ವಂತಿಗೆಯೇ ಇದಕ್ಕೆ ಹೆಚ್ಚು ಉಪಯುಕ್ತ. ಲಸಿಕೆಯ ಸೀಸೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಾಪಾಡಬೇಕಾದ್ದರಿಂದ, 40 ಡಿಗ್ರಿ ದಾಟುವ ನಮ್ಮ ಬೇಸಿಗೆ ಶಿಬಿರಕ್ಕೆ ತಕ್ಕ ಕಾಲವಲ್ಲ. ವಿಶ್ವ ರೇಬೀಸ್ ದಿನವಾದ ಸೆಪ್ಟೆಂಬರ್ 28ರಿಂದ ಸಂಕ್ರಮಣದ ಜಾತ್ರೆಯವರೆಗಿನ ತಿಂಗಳುಗಳು ಅನುಕೂಲ. ಆಗಲೂ ಮಂಜುಗಡ್ಡೆಯ ಪೆಟ್ಟಿಗೆ ಜೊತೆಗಿರಲೇಬೇಕು.