ಬೀಗ ಆರಿಸಿದವರು ಯಾರು, ನಷ್ಟ ಹೊರುವವರು ಯಾರು?

ಚಿಕ್ಕಪೇಟೆಯಂಥ ಇಕ್ಕಟ್ಟಾದ ಓಣಿಯಲ್ಲಿ ಪಾರ್ಸೆಲ್ ಗಾಡಿ ನಿಂತಿರುವುದನ್ನು ಒಮ್ಮೆ ಹಿಂದಿನಿಂದ ನೋಡಿ. ಡೋರಿನ ಚಿಲಕ ಎಳೆದಿರುತ್ತದೆ, ಕೊಂಡಿಯಲ್ಲಿ ಬೀಗ ಬಾಯಿ ಬಿಟ್ಟುಕೊಂಡು ನೇತಾಡುತ್ತಿರುತ್ತದೆ. ಡ್ರೈವರ್ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಎರಡನೇ ಮಹಡಿ ಹತ್ತಿರುತ್ತಾನೆ. ಗಿರಾಕಿಯ ಫೋನಿಗೆ ಒಟಿಪಿ ಬಂದು, ಅವನು ಕೆಳಗಿಳಿಯುವ ಹೊತ್ತಿಗೆ ಎರಡು ಪೆಟ್ಟಿಗೆ ಕಾಣೆಯಾಗಿದ್ದರೆ ಠಾಣೆಯವರು, ಮಾಲೀಕರು, ವಿಮೆಯವರು ಎಲ್ಲರೂ ಅವನನ್ನೇ ಕೇಳುತ್ತಾರೆ: ಬೀಗ ಯಾಕೆ ಹಾಕಲಿಲ್ಲ? ಪ್ರಶ್ನೆ ಸಹಜವೇ. ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುವ ಬಾಗಿಲಿಗೆ ಅಂಥ ಬೀಗವನ್ನು ಆರಿಸಿದವರು ಯಾರು? ನಮ್ಮ ಕಾನೂನುಗಳನ್ನು ಒಟ್ಟಿಗೆ ಇಟ್ಟು ಓದಿದರೆ, ನಷ್ಟದ ಹೊಣೆ ಬಹುಮಟ್ಟಿಗೆ ಈ ಎರಡನೇ ಪ್ರಶ್ನೆಯ ಉತ್ತರವನ್ನೇ ಹಿಂಬಾಲಿಸುತ್ತದೆ. ರೂಢಿ ಮಾತ್ರ ಮೊದಲನೆಯದರ ಹಿಂದೆ ಹೋಗುತ್ತದೆ.

ಬೀಗಗಳಲ್ಲಿ ಮೂರು ಜಾತಿಯನ್ನಾದರೂ ಗುರುತಿಸಬೇಕು. ಬಾಗಿಲು ಮುಚ್ಚಿದ ಕೂಡಲೇ ತಾನಾಗಿ ಬಿದ್ದುಕೊಳ್ಳುವ, ಕೀಲಿಯಿಲ್ಲದೆ ಮತ್ತೆ ತೆರೆಯದ ಸ್ಲ್ಯಾಮ್ ಲಾಕ್ ಮೇಲಿಂದ ಮೇಲೆ ನಿಲ್ಲುವ ಪಾರ್ಸೆಲ್ ಗಾಡಿಗೆಂದೇ ಇರುವುದು. ಅದರಲ್ಲಿ ಮರೆಯುವುದಕ್ಕೆ ಎಡೆಯಿಲ್ಲ. ರಾತ್ರಿ ಗಾಡಿ ನಿಲ್ಲಿಸುವಾಗ ಬೇರೆ ಕೀಲಿಯಿಂದ ತಿರುಗಿಸಿ ಹಾಕುವ ಡೆಡ್‌ಲಾಕ್ ಎರಡನೆಯದು. ಮೂರನೆಯದು ದೂರದ ಕಂಟೇನರುಗಳಿಗೆ ಹಾಕುವ, ನಂಬರು ಕೊರೆದ ಬೋಲ್ಟ್ ಸೀಲ್. ಇದನ್ನು ಒಮ್ಮೆ ಹಾಕಿದರೆ ಕತ್ತರಿಸಿಯೇ ತೆಗೆಯಬೇಕು. ಕಳ್ಳರು ಬಹಳ ಸಲ ಸೀಲನ್ನು ಮುಟ್ಟುವುದೂ ಇಲ್ಲ. ಹಿಡಿಕೆಯನ್ನು ಬಾಗಿಲಿಗೆ ಬಿಗಿದಿರುವ ರಿವೆಟ್ ಉದುರಿಸಿ, ಹಿಡಿಕೆಯನ್ನು ಸೀಲಿನ ಸಮೇತ ಪಕ್ಕಕ್ಕೆ ಸರಿಸಿ, ಮಾಲು ತೆಗೆದು, ಹೊಸ ರಿವೆಟ್ ಹೊಡೆದು ಬಣ್ಣ ಬಳಿದುಬಿಡುತ್ತಾರೆ. ಹೀಗಾಗಿ ಮಾಲು ಇಳಿಸಿಕೊಳ್ಳುವವರು ‘ಸೀಲ್ ಸರಿಯಿದೆ’ ಎಂಬ ಮಾತಿಗೆ ಸುಮ್ಮನಾಗದೆ ಸೀಲಿನ ನಂಬರನ್ನು ಕಾಗದದೊಂದಿಗೆ ತಾಳೆ ನೋಡಬೇಕು, ರಿವೆಟ್ಟಿನ ತಲೆಯನ್ನೂ ನೋಡಬೇಕು. ಕಡಿಮೆ ಬಂದಿದ್ದರೆ ಡೆಲಿವರಿ ರಸೀದಿಯ ಮೇಲೇ ‘ಇಷ್ಟು ಪೆಟ್ಟಿಗೆ ಕಡಿಮೆ’ ಎಂದು ಬರೆದು ಸಹಿ ಹಾಕಬೇಕು. ಏನೂ ಬರೆಯದೆ ಸಹಿ ಮಾಡಿಕೊಟ್ಟ ರಸೀದಿ ಮುಂದೆ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಈಗ ಕಾನೂನಿಗೆ ಬರೋಣ. 1865ರ ಹಳೆಯ ಕ್ಯಾರಿಯರ್ಸ್ ಕಾಯ್ದೆಯ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆ ಲಾರಿ ಆಫೀಸಿನವರನ್ನಷ್ಟೇ ಅಲ್ಲದೆ, ಮನೆ ಬಾಗಿಲಿಗೆ ತಲುಪಿಸುವ ಕೊರಿಯರ್ ಸಂಸ್ಥೆಯನ್ನೂ ‘ಸಾರ್ವಜನಿಕ ಸಾಗಣೆದಾರ’ ಎಂದೇ ಕರೆಯುತ್ತದೆ. ಗಾಡಿ ಅವರದ್ದೇ ಆಗಿರಲಿ, ಬಾಡಿಗೆಯದಾಗಿರಲಿ ವ್ಯತ್ಯಾಸವಿಲ್ಲ. (ಅಂಚೆ ಇಲಾಖೆ ಇದರ ಹೊರಗಿದೆ, ಅದಕ್ಕೆ 2023ರ ಅಂಚೆ ಕಚೇರಿ ಕಾಯ್ದೆಯೇ ಬೇರೆ.) ಸಾಗಣೆದಾರ ಹೊಣೆಯಿಂದ ಪಾರಾಗುವ ಕಾರಣಗಳನ್ನು 17ನೇ ಕಲಂ ಎಣಿಸಿ ಹೇಳುತ್ತದೆ: ದೈವಿಕ ವಿಪತ್ತು, ಯುದ್ಧ, ಗಲಭೆ, ಕಾನೂನುಬದ್ಧ ಜಫ್ತಿ, ಸರ್ಕಾರದ ನಿರ್ಬಂಧ. ಕಳ್ಳತನ ಆ ಪಟ್ಟಿಯಲ್ಲಿ ಇಲ್ಲ. 12ನೇ ಕಲಂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಾಗಣೆದಾರನ ನಿರ್ಲಕ್ಷ್ಯವನ್ನು ದಾವೆ ಹೂಡಿದವರು ಸಾಬೀತು ಮಾಡಬೇಕಾಗಿಲ್ಲ ಎನ್ನುತ್ತದೆ. ಬೀಗ ಹಾಕಿತ್ತೋ ಇಲ್ಲವೋ ಎಂದು ಮಾಲು ಕಳಿಸಿದವರು ಪತ್ತೆದಾರಿಕೆ ಮಾಡಬೇಕಾಗಿಲ್ಲ ಎಂದರ್ಥ. ಇದು ಹೊಸ ತತ್ವವೂ ಅಲ್ಲ. ಹಳೆಯ ಕಾಯ್ದೆ ಇದ್ದಾಗಲೇ, 2000ದ ಪಟೇಲ್ ರೋಡ್‌ವೇಸ್ ಪ್ರಕರಣದಲ್ಲಿ, ಸಾಗಣೆದಾರನ ಹೊಣೆ ವಿಮೆದಾರನ ಹೊಣೆಯಂಥದ್ದು ಎಂದ ಸುಪ್ರೀಂ ಕೋರ್ಟ್, ಗ್ರಾಹಕ ವೇದಿಕೆಗಳೂ ಈ ನಿಯಮವನ್ನು ಅನ್ವಯಿಸಬಹುದು ಎಂದಿತು.

‘ಮಾಲೀಕರ ಜವಾಬ್ದಾರಿ’ ಎಂದು ರಸೀದಿಯಲ್ಲಿ ಕೆಂಪು ಅಕ್ಷರದಲ್ಲಿ ಅಚ್ಚಾಗಿದೆಯಲ್ಲ ಎಂದು ಕೇಳಬಹುದು. ಅದೇ ವರ್ಷದ ನಾಥ್ ಬ್ರದರ್ಸ್ ತೀರ್ಪಿನ ಪ್ರಕಾರ ಆ ಮಾತು ಸಾಗಣೆದಾರನನ್ನು ಅವನ ನಿರ್ಲಕ್ಷ್ಯದ ಹೊಣೆಯಿಂದ ಬಿಡಿಸುವುದಿಲ್ಲ. ನಿಜವಾದ ತೊಡಕು ಕೆಂಪು ಅಕ್ಷರದಲ್ಲಿಲ್ಲ, ಬುಕಿಂಗ್ ಕೌಂಟರಿನಲ್ಲಿದೆ. 2007ರ ಕಾಯ್ದೆಯ 10ನೇ ಕಲಂ ಮತ್ತು ಅದರಡಿಯ 2011ರ ನಿಯಮಗಳನ್ನು ಸೇರಿಸಿ ಓದಿದರೆ, ಹೆಚ್ಚಿನ ಅಪಾಯದ ದರ ಕಟ್ಟದೆ ಇದ್ದಾಗ ಪರಿಹಾರ ಬಾಡಿಗೆಯ ಹತ್ತು ಪಟ್ಟಿಗೆ ನಿಂತುಬಿಡುತ್ತದೆ. 300 ರೂಪಾಯಿ ಬಾಡಿಗೆಗೆ 80,000 ರೂಪಾಯಿಯ ಸೀರೆ ಗಂಟು ಕಳಿಸಿದವರಿಗೆ ಸಿಗುವುದು 3,000. ಬೆಲೆ ಕಡಿಮೆ ಬರೆಸಿ ನಾಲ್ಕು ಕಾಸು ಉಳಿಸುವ ಅಭ್ಯಾಸ ನಮ್ಮ ವ್ಯಾಪಾರಿಗಳಲ್ಲಿ ಗಟ್ಟಿಯಾಗಿದೆ; ಕಳುವಾದ ದಿನ ಅದರ ಬೆಲೆ ತಿಳಿಯುತ್ತದೆ. ಬುಕ್ ಮಾಡುವಾಗ ತುಂಬಿಕೊಡುವ ಗೂಡ್ಸ್ ಫಾರ್ವರ್ಡಿಂಗ್ ನೋಟಿನಲ್ಲಿ ನಿಜವಾದ ಬೆಲೆ ಬರೆಸಿ, ಹೆಚ್ಚಿನ ದರ ಕಟ್ಟಿ, ಗಾಡಿಗೆ ಯಾವ ಬೀಗ ಇರಬೇಕು, ಸೀಲಿನ ನಂಬರು ಯಾವುದು ಎಂಬುದನ್ನೂ ಅಲ್ಲೇ ಸೇರಿಸುವುದು ಕಾನೂನು ಒಪ್ಪುವ ದಾರಿ.

ಆನ್‌ಲೈನ್‌ನಲ್ಲಿ ಕೊಂಡ ಗ್ರಾಹಕರಿಗೆ ಈ ತಲೆನೋವು ಇಲ್ಲ. ಗಾಡಿಯಿಂದ ಕಳುವಾಯಿತು ಎಂಬುದು ಮಾರಾಟಗಾರ ಮತ್ತು ಸಾಗಣೆದಾರರ ನಡುವಿನ ಲೆಕ್ಕ. ದುಡ್ಡು ಕೊಟ್ಟವರಿಗೆ ವಸ್ತು ಮುಟ್ಟಿಲ್ಲ ಎಂಬುದಷ್ಟೇ ಸಾಕು. 2020ರ ಇ-ಕಾಮರ್ಸ್ ನಿಯಮಗಳಂತೆ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಇಲ್ಲವೇ ತಾವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. ಎರಡು ವರ್ಷ ಕಾಲಾವಕಾಶವಿದೆ, ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ.

ಠಾಣೆಯ ಬಾಗಿಲಲ್ಲಿ ಮಾತ್ರ ಕಲಮಿನ ನಂಬರು ಬಹಳ ಮುಖ್ಯ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಸಾಮಾನ್ಯ ಕಳ್ಳತನಕ್ಕೆ, ಶಿಕ್ಷೆ ಮೂರು ವರ್ಷದವರೆಗೆ. ಮೊದಲ ಸಲದ ಕಳ್ಳತನದಲ್ಲಿ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಅದನ್ನು ಹಿಂತಿರುಗಿಸಿದರೆ ಸಮುದಾಯ ಸೇವೆಯಷ್ಟೇ ಶಿಕ್ಷೆ, ಅದು ಅಸಂಜ್ಞೇಯ ಕೂಡ. ಪಾರ್ಸೆಲ್‌ಗಳಲ್ಲಿ ಅಷ್ಟು ಬೆಲೆಯವೇ ಹೆಚ್ಚು, ಆದ್ದರಿಂದ ಎಫ್‌ಐಆರ್ ಬದಲು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಕೊಟ್ಟು ಕಳಿಸಲು ದಾರಿಯಾಗುತ್ತದೆ. ಆದರೆ ಅದೇ ಸಂಹಿತೆಯ 305ನೇ ಕಲಮಿನಲ್ಲಿ, ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ವಾಹನದಿಂದ ವಸ್ತು ಕದಿಯುವುದನ್ನು ಪ್ರತ್ಯೇಕವಾಗಿ ಹೆಸರಿಸಿ ಏಳು ವರ್ಷದವರೆಗೆ ಶಿಕ್ಷೆ ಇಡಲಾಗಿದೆ. ಅಲ್ಲಿ 5,000ದ ಗೆರೆ ಇಲ್ಲ, ಬೀಗ ಹಾಕಿರಲೇಬೇಕೆಂಬ ಷರತ್ತೂ ಇಲ್ಲ. ಎಫ್‌ಐಆರ್‌ಗೆ ಮೊದಲು 14 ದಿನ ಪ್ರಾಥಮಿಕ ವಿಚಾರಣೆ ನಡೆಸುವ ಅವಕಾಶವಿರುವುದು ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ, ಹಾಗಾಗಿ ಆ ನೆಪವೂ ಇಲ್ಲಿ ನಡೆಯದು. ಬೀಗ ಮುರಿದಿದ್ದರೆ 334ನೇ ಕಲಮನ್ನು, ಮಾಲು ಒಪ್ಪಿಸಿಕೊಂಡ ಸಾಗಣೆದಾರನೇ ನುಂಗಿದ್ದರೆ 316ನ್ನು ಸೇರಿಸಲು ಕೇಳಬಹುದು. ಪೊಲೀಸರ ಇ-ಲಾಸ್ಟ್ ಆ್ಯಪಿನಲ್ಲಿ ಹಾಕಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ಕಳೆದುಹೋದ ವಸ್ತುಗಳಿಗೆ. ಘಟನೆ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಲೇಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು, 90 ದಿನದೊಳಗೆ ತನಿಖೆಯ ಪ್ರಗತಿ ತಿಳಿಸಬೇಕು. ದೂರನ್ನು ಕಳಿಸಿದಾತ, ಸಾಗಣೆದಾರ, ಡ್ರೈವರ್ ಯಾರು ಬೇಕಾದರೂ ಕೊಡಬಹುದು.

ಇಷ್ಟೆಲ್ಲ ಇದ್ದರೂ ನಷ್ಟ ಕೊನೆಗೆ ಇಳಿಯುವುದು ಡ್ರೈವರನ ಸಂಬಳದ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. 2019ರ ವೇತನ ಸಂಹಿತೆ ಕಡಿತಕ್ಕೆ ಅವಕಾಶ ಕೊಟ್ಟಿರುವುದು ಹೌದು, ಆದರೆ ಷರತ್ತುಗಳೊಂದಿಗೆ: ವಸ್ತುವನ್ನು ಸ್ಪಷ್ಟವಾಗಿ ಅವನ ಸುಪರ್ದಿಗೆ ಒಪ್ಪಿಸಿರಬೇಕು, ನಷ್ಟ ನೇರವಾಗಿ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಕಾರಣ ಹೇಳಿಕೊಳ್ಳಲು ಅವನಿಗೆ ಅವಕಾಶ ಸಿಕ್ಕಿರಬೇಕು, ಕಡಿತ ನಷ್ಟದ ಮೊತ್ತವನ್ನು ಮೀರಬಾರದು, ಎಲ್ಲ ಕಡಿತ ಸೇರಿ ಸಂಬಳದ ಅರ್ಧ ದಾಟಬಾರದು. ಆ್ಯಪ್ ಮೂಲಕ ದುಡಿಯುವವರಿಗೆ ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯಿದೆ. ಹಣ ಕಡಿತಕ್ಕೆ ಕಾರಣ ತಿಳಿಯುವ ಹಕ್ಕನ್ನು ಅದರಡಿ ಕೇಳಬಹುದು.

ಇಲ್ಲಿ ಮಾಲೀಕರು ಎತ್ತುವ ಆಕ್ಷೇಪ ಹಗುರವಾದದ್ದಲ್ಲ. ಬೀಗ ಕೊಟ್ಟಿದ್ದೇವೆ, ಕೀಲಿ ಕೊಟ್ಟಿದ್ದೇವೆ, ಹಾಕುವುದು ಅವನ ಕೆಲಸವಲ್ಲವೇ ಎನ್ನುತ್ತಾರೆ. ಕೆಲಸವೇ. ಇಂಜಿನ್ ಚಾಲೂ ಇಟ್ಟು ಹೋದವನು ಮೋಟಾರು ವಾಹನ ಕಾಯ್ದೆಯ 126ನೇ ಕಲಮಿಗೂ ಉತ್ತರ ಕೊಡಬೇಕು. ಆದರೆ ದಿನಕ್ಕೆ 80 ಮನೆ ಮುಟ್ಟಬೇಕೆಂದು ಗುರಿ ಹಾಕಿ, ಪ್ರತಿ ಮನೆಗೂ ನಿಮಿಷ ಎಣಿಸುವ ಮಾಲೀಕರು ಕೊಂಡಿ ಬೀಗ ಕೊಟ್ಟರೆ, ದಿನಕ್ಕೆ 160 ಸಲ ಕೀಲಿ ತಿರುಗಿಸಲು ಬೇಕಾದ ಸಮಯವನ್ನು ಕೊಡಲಿಲ್ಲ ಎಂದೇ ಅರ್ಥ. ನಷ್ಟ ‘ನೇರವಾಗಿ’ ಡ್ರೈವರನ ನಿರ್ಲಕ್ಷ್ಯದಿಂದ ಎಂಬ ಮಾತು ಅಲ್ಲಿಗೆ ಸಡಿಲವಾಗುತ್ತದೆ. ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸುವ ಬಡ ಮಾಲೀಕನಿಗೆ ಸ್ಲ್ಯಾಮ್ ಲಾಕ್ ದುಬಾರಿಯಲ್ಲವೇ ಎಂಬುದು ಇನ್ನೊಂದು ಮಾತು. ಅದು ನಿಜ. ಆದ್ದರಿಂದಲೇ ಅವನನ್ನು ಬಾಡಿಗೆಗೆ ಹಿಡಿದ ದೊಡ್ಡ ಸಂಸ್ಥೆ ಬೀಗದ ಖರ್ಚನ್ನು ಕರಾರಿನಲ್ಲಿ ಹೊರಬೇಕು. ಗ್ರಾಹಕರ ಎದುರು ಸಾಗಣೆದಾರ ಅನಿಸಿಕೊಳ್ಳುವುದು ಆ ಸಂಸ್ಥೆಯೇ.

ವಿಮೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಗಾಡಿಯ ಮೋಟಾರು ಪಾಲಿಸಿ ಒಳಗಿನ ಸರಕನ್ನು ಕಾಯುವುದಿಲ್ಲ, ಅದಕ್ಕೆ ಸಾಗಣೆ ವಿಮೆ ಬೇರೆ ಬೇಕು. ಗಾಡಿಯೇ ಹೋದಾಗ ಮಾತ್ರ 2023ರ ಅಶೋಕ್ ಕುಮಾರ್ ಪ್ರಕರಣ ನೆರವಿಗೆ ಬರುತ್ತದೆ. ಡ್ರೈವರ್ ಕೀಲಿಯನ್ನು ಗಾಡಿಯಲ್ಲೇ ಬಿಟ್ಟು ವಿಳಾಸ ಕೇಳಲು ಇಳಿದಿದ್ದಾಗ ಲಾರಿ ಕಳುವಾಗಿತ್ತು. ವಿಮಾ ಕಂಪನಿ ಪೂರ್ತಿ ಕೈಕೊಡುವಂತಿಲ್ಲ ಎಂದ ಸುಪ್ರೀಂ ಕೋರ್ಟ್ ಶೇ. 75ರಷ್ಟು ಕೊಡಿಸಿತು. ಸರಕಿನ ಪಾಲಿಸಿಗೆ ಇದು ತಾನಾಗಿ ಅನ್ವಯಿಸುತ್ತದೆಂದು ನೆಚ್ಚಿಕೊಳ್ಳಬಾರದು. ಗಾಡಿಯ ಬಳಿ ಯಾರೂ ಇಲ್ಲದಾಗ ಬೀಗ ಹೇಗಿರಬೇಕೆಂಬ ಷರತ್ತು ಅದರಲ್ಲಿದೆಯೇ ಎಂದು ಮೊದಲೇ ಓದಿಕೊಳ್ಳಬೇಕು.

ಒಟಿಪಿಯಿಂದ ತೆರೆಯುವ ಎಲೆಕ್ಟ್ರಾನಿಕ್ ಬೀಗ ಇದ್ದರೆ ಯಾರು ಎಷ್ಟು ಹೊತ್ತಿಗೆ ತೆರೆದರು ಎಂಬ ದಾಖಲೆ ಅದರಲ್ಲೇ ಉಳಿಯುತ್ತದೆ. ನಿರಪರಾಧಿ ಡ್ರೈವರನನ್ನು ಕಾಪಾಡುವುದೂ ಅದೇ ದಾಖಲೆ. ಅದು ಕೋರ್ಟಿನಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ದಾಖಲೆಯನ್ನೂ ಅಕ್ಕಪಕ್ಕದ ಅಂಗಡಿಗಳ ಸಿಸಿಟಿವಿ ದೃಶ್ಯವನ್ನೂ ಅಳಿಸಬೇಡಿ ಎಂದು ಅದೇ ದಿನ ಬರಹದಲ್ಲಿ ಕೇಳಿ. ಇನ್ನು ಸಾಗಣೆದಾರರಿಗೆ ನೋಟಿಸು. ದಾವೆ ಹೂಡುವ ಮೊದಲು ಬರಹದ ನೋಟಿಸು ಅವರಿಗೆ ತಲುಪಿರಲೇಬೇಕು, ಇಲ್ಲದಿದ್ದರೆ ಎಷ್ಟೇ ಗಟ್ಟಿ ಪ್ರಕರಣವಾದರೂ ಬಿದ್ದುಹೋಗುತ್ತದೆ. ‘ಹುಡುಕುತ್ತಿದ್ದೇವೆ’ ಎಂಬ ಅವರ ಮಾತಿಗೆ ಕಾಯುತ್ತಾ ಕೂರದೆ ರಸೀದಿಯ ಮೇಲಿನ ತಾರೀಖನ್ನು ಈಗಲೇ ನೋಡಿಕೊಳ್ಳಿ. ರಸ್ತೆ ಸಾಗಣೆ ಕಾಯ್ದೆಯ 16ನೇ ಕಲಂ ಕೊಡುವ 180 ದಿನಗಳು ಶುರುವಾಗುವುದು ಮಾಲು ಕಳುವಾದ ದಿನದಿಂದಲ್ಲ, ಬುಕ್ ಮಾಡಿದ ದಿನದಿಂದ.