ಮರ ಕೊಯ್ಸುವ ಮುಂಚೆ

ಮಗಾ, ಮೇಲಿನ ಬರೆಯ ಸಿಲ್ವರ್ ಓಕನ್ನೆಲ್ಲ ಒಂದೇ ಸಲ ಕೊಯ್ಸಲು ಹೊರಟಿದ್ದೀಯಂತೆ. ವ್ಯಾಪಾರಿ ಬಂದು ಅಳತೆ ಹಾಕಿಕೊಂಡು ಹೋದ ಸುದ್ದಿ ನನಗೂ ಮುಟ್ಟಿತು. ತೋಟ ನಿನ್ನದು, ಸಾಲವೂ ನಿನ್ನದು. ಕಡಿಯಲೇಬೇಡ ಅನ್ನುವವನು ನಾನಲ್ಲ. ಮಾರಲೆಂದೇ ಬೆಳೆಸಿದ ಮರ ಅದು. ಆದರೆ ಒಂದು ಮಾತು ಕೇಳಿಸಿಕೊ.

ಕಡಿದ ವರ್ಷದ ಮಳೆಗಾಲದಲ್ಲಿ ಬಹುಶಃ ಬರೆ ಜರಿಯುವುದಿಲ್ಲ. ಎಲ್ಲರೂ ಮೋಸ ಹೋಗುವುದು ಅಲ್ಲೇ.

ಹಿಂದೆ ಮಣ್ಣಿನ ಗೋಡೆ ಏರಿಸುವಾಗ ಭತ್ತದ ಹುಲ್ಲು ಹಾಕಿ ತುಳಿಯುತ್ತಿದ್ದರು. ಮಣ್ಣು ಭಾರ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಎಳೆತಕ್ಕೆ ಒಗ್ಗುವುದು ಹುಲ್ಲು. ಬರೆಯಲ್ಲಿ ಆ ಕೆಲಸ ಬೇರಿನದು. ಅದರಲ್ಲೂ ತೋಳುಗಾತ್ರದ ಬೇರಿಗಿಂತ ದಾರದಂಥ, ಪೆನ್ಸಿಲ್ಲಿನಂಥ ಬೇರುಗಳೇ ಮಣ್ಣನ್ನು ಹೆಚ್ಚು ಹೆಣೆದು ಹಿಡಿಯುತ್ತವೆ. ಮರ ಸತ್ತ ಮೇಲೆ ಮೊದಲು ಕೊಳೆಯುವುದೂ ಅವೇ. ಬೊಡ್ಡೆಗೆ ಕತ್ತಿಯಲ್ಲಿ ಹೊಡೆದರೆ ಇನ್ನೂ ಗಟ್ಟಿ. ಮಣ್ಣಿನೊಳಗೆ ಹಿಡಿತ ಆಗಲೇ ಹೋಗಿರುತ್ತದೆ. ನ್ಯೂಜಿಲೆಂಡಿನಲ್ಲಿ ರೇಡಿಯಾಟಾ ಪೈನ್ ಬೇರುಗಳನ್ನು ಎಳೆದು ಅಳೆದು ನೋಡಿದ್ದಾರೆ: ಕಡಿದು ಸುಮಾರು ಒಂದೂಕಾಲು ವರ್ಷಕ್ಕೆ ಅರ್ಧ ಬಲ ಹೋಗಿತ್ತು. ಅದೇ ಲೆಕ್ಕವನ್ನು ನಮ್ಮ ಮರಗಳಿಗೆ ಹಾಕಲಾಗದು. ಮರದ ಜಾತಿ, ತೇವ, ಗೆದ್ದಲು ನೋಡಿ ಅದು ಬದಲಾಗುತ್ತದೆ.

ಹೊಸ ಸಸಿಯ ಬೇರು ಬರೆ ಹಿಡಿಯಲು ವರ್ಷಗಳು ಬೇಕು. ಹಳೆಯದು ಬಿಟ್ಟು ಹೊಸದು ಹಿಡಿಯುವ ಮಧ್ಯೆ, ಹೆಚ್ಚುಕಡಿಮೆ ಮೂರನೇ ವರ್ಷದಿಂದ ಹತ್ತನೇ ವರ್ಷದವರೆಗೆ, ಇಳಿಜಾರು ಅತಿ ದುರ್ಬಲ. ಕೊಳೆತ ಬೇರಿನ ಟೊಳ್ಳಿನಲ್ಲಿ ನೀರು ಬೇರೆ ನೇರ ಒಳಗಿಳಿಯುತ್ತದೆ. ಅಲಾಸ್ಕಾದ ಪ್ರಿನ್ಸ್ ಆಫ್ ವೇಲ್ಸ್ ದ್ವೀಪದಲ್ಲಿ 1950ರ ದಶಕದಲ್ಲಿ ಬೋಳಿಸಿದ ಇಳಿಜಾರುಗಳು 1961ರ ದೊಡ್ಡ ಮಳೆಗೆ ಸಾಲುಸಾಲಾಗಿ ಜಾರಿದವು. ಅಷ್ಟು ವರ್ಷ ಕಳೆದ ಮೇಲೆ ಕಡಿದದ್ದು ಯಾರಿಗೆ ನೆನಪಿರುತ್ತದೆ? ಮಳೆಯನ್ನು ಬೈದು ಸುಮ್ಮನಾಗುತ್ತಾರೆ.

2018ರಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ, 2019ರಲ್ಲಿ ನಮ್ಮ ಮೂಡಿಗೆರೆಯ ಮಲೆಮನೆ, ಮಧುಗುಂಡಿಯಲ್ಲಿ ಆದ ಕುಸಿತವನ್ನೆಲ್ಲ ಮರ ಕಡಿದವರ ತಲೆಗೆ ಕಟ್ಟುವುದೂ ತಪ್ಪು. ಆ ಮಳೆಯೇ ಅಂಥದ್ದು. ಕೊಡಗಿನಲ್ಲಿ ರಸ್ತೆಗೆ, ಕಟ್ಟಡಕ್ಕೆ ಗುಡ್ಡ ಕೊರೆದದ್ದನ್ನು ಭೂವೈಜ್ಞಾನಿಕ ಸರ್ವೇಕ್ಷಣಾಲಯವೇ ಎತ್ತಿ ಹೇಳಿತು. ಇಪ್ಪತ್ತು ಅಡಿ ಆಳದಿಂದ ಗುಡ್ಡವೇ ಹೊರಟರೆ ಬೇರು ಏನು ಮಾಡೀತು? ಅದರ ಕಾವಲು ಮೇಲಿನ ನಾಲ್ಕಾರು ಅಡಿಗಷ್ಟೆ. ತೋಟದ ಸಣ್ಣಪುಟ್ಟ ಬರೆ ಜರಿಯುವುದು ಆ ನಾಲ್ಕಾರು ಅಡಿಯಲ್ಲೇ ಅನ್ನುವುದನ್ನು ಮಾತ್ರ ಮರೆಯಬೇಡ. ಕಾಫಿ ಗಿಡ ಇದೆಯಲ್ಲ ಎನ್ನುತ್ತೀಯ. ಅದರ ಬೇರಿನ ಬಹುಪಾಲು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ.

ಹಾಗಾಗಿ ಬರೆಯನ್ನು ಪಟ್ಟಿಪಟ್ಟಿಯಾಗಿ ಬಿಡಿಸಿಕೊಂಡು, ಒಂದು ಪಟ್ಟಿ ಕೊಯ್ಸಿದ ಮೇಲೆ ಪಕ್ಕದ್ದನ್ನು ಕೆಲವು ವರ್ಷ ಮುಟ್ಟಬೇಡ. ಕಡಿಯುವುದಕ್ಕೆ ಎರಡು ಮೂರು ಮಳೆಗಾಲ ಮುಂಚೆಯೇ ನಡುವೆ ಹಾಲುವಾಣ, ಅತ್ತಿ, ಹಲಸು ಎಬ್ಬಿಸು. ಬುಡ ಕೊಯ್ದ ಸಿಲ್ವರ್ ಓಕ್ ಚಿಗುರುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಚಿಗುರುವ ಜಾತಿಯಾದರೆ ಬೇರಿಗೂ ಜೀವ ಉಳಿಯುತ್ತದೆ. ಬೊಡ್ಡೆಯ ವಿಷಯಕ್ಕೆ ಜಗಳವೇ ಇದೆ. ಬೇರುಕೊಳೆ ರೋಗ ಕಾಫಿಗೆ ದಾಟೀತೆಂದು ಕಿತ್ತು ಹಾಕು ಅನ್ನುತ್ತಾರೆ, ಸಮತಟ್ಟಿನಲ್ಲಿ ಅದು ಸರಿ. ಕಡಿದಾದ ಬರೆಯಲ್ಲಿ ಜೆಸಿಬಿ ಹತ್ತಿಸಿ ಬೊಡ್ಡೆ ಕೀಳಿಸುವುದು ಮಾತ್ರ ಶುದ್ಧ ಹುಚ್ಚುತನ. ಮಳೆನೀರಿನ ಚರಂಡಿಯನ್ನೂ ಕಡಿದ ಜಾಗದ ಮೇಲೆ ತಿರುಗಿಸಬೇಡ.

ಇನ್ನೊಂದು ವಿಷಯ, ನನಗೆ ಇದೇ ದೊಡ್ಡದು. ಆ ಬರೆಯ ಬುಡದಲ್ಲೇ ತೋಟದ ಕೆಲಸದವರ ಲೈನ್ ಮನೆಗಳಿವೆ. ಆಷಾಢದ ರಾತ್ರಿ ಅಲ್ಲಿ ಮಲಗುವವರು ನೀನಲ್ಲ, ವ್ಯಾಪಾರಿಯೂ ಅಲ್ಲ. ಮೊದಲು ಅವರಿಗೆ ಬೇರೆ ಕಡೆ ಮನೆ ಕಟ್ಟಿಸಿಕೊಡು, ಗರಗಸದವರನ್ನು ಆಮೇಲೆ ಕರೆಸು.