ಮಲೆನಾಡಿನ ಜಮೀನಿಗೆ ಟ್ರಾಕ್ಟರಿನ ಆಯ್ಕೆ

ಟ್ರಾಕ್ಟರನ್ನು ಕೊಳ್ಳುವವರು ಮೊದಲು ವಿಚಾರಿಸುವುದು ಅದರ ಅಶ್ವಶಕ್ತಿಯನ್ನು. ಬಯಲುಸೀಮೆಯಲ್ಲಿ ಅಷ್ಟು ಸಾಕಾಗಬಹುದು. ಸಕಲೇಶಪುರ, ಮೂಡಿಗೆರೆ, ಮಡಿಕೇರಿಗಳ ಕಡೆ ದಿಣ್ಣೆಯ ಮೇಲೆ ಕಾಫಿ ತೋಟವೂ ತಗ್ಗಿನಲ್ಲಿ ಗದ್ದೆಯೂ ಇರುವುದರಿಂದ, ಯಂತ್ರವು ಎಷ್ಟು ಎಳೆಯುವುದೆಂಬುದಕ್ಕಿಂತ ಇಳಿಜಾರಿನಲ್ಲಿ ಹೇಗೆ ನಿಲ್ಲುವುದೆಂಬುದೇ ಮುಖ್ಯವು.

ಮಧ್ಯಮ ಹಿಡುವಳಿಯ ಉಳುಮೆಗೂ ಸಾಗಣೆಗೂ 35ರಿಂದ 45 ಅಶ್ವಶಕ್ತಿಯ ಯಂತ್ರವು ಸಾಮಾನ್ಯವಾಗಿ ಸಾಲುವುದು. ಆದರೆ ಅದು ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳದ್ದಾಗಿರತಕ್ಕದ್ದು. ಮಳೆಗಾಲದ ಜಾರುಮಣ್ಣಿನಲ್ಲಿ ಏರನ್ನು ಹತ್ತುವುದಕ್ಕೆ ಇದು ಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ಹಿಂಚಕ್ರಗಳಿಗೆ ಮಾತ್ರ ಬ್ರೇಕುಳ್ಳ ಯಂತ್ರದಲ್ಲಿ, ಇಳಿಯುವಾಗ ಮುಂಚಕ್ರಗಳ ಚಾಲನೆಯನ್ನು ಜೋಡಿಸಿದ್ದರೆ ಅವೂ ವೇಗವನ್ನು ತಡೆಯುವುವೆಂಬುದನ್ನು ಬಲ್ಲವರು ಕಡಿಮೆ.

ಅಗಲದ ವಿಷಯದಲ್ಲಿ ಒಂದು ತೊಡಕುಂಟು. ಗಿಡಗಳ ಸಾಲುಗಳ ನಡುವೆ ಹೋಗಲು ಯಂತ್ರವು ಕಿರಿದಾಗಿರಬೇಕು. ಪಕ್ಕಕ್ಕೆ ಉರುಳದಿರಲು ಚಕ್ರಗಳ ಅಂತರವು ಹೆಚ್ಚಿರಬೇಕು. ಆದಕಾರಣ ಸಾಲುಗಳನ್ನು ಅಳೆದು, ತಗ್ಗಾದ ಮೈಕಟ್ಟಿನ, ಚಕ್ರಗಳ ಅಂತರವನ್ನು ಬದಲಿಸಬಹುದಾದ ಯಂತ್ರವನ್ನು ಆರಿಸಿ, ಬಹಳ ಕಡಿದಾದ ಭಾಗಗಳನ್ನು ಆಳುಗಳ ಕೈಕೆಲಸಕ್ಕೇ ಬಿಡುವುದು ಲೇಸು.

ಉರುಳಿದ ಯಂತ್ರದಡಿಯಲ್ಲಿ ಚಾಲಕನು ಜಜ್ಜಿಹೋಗದಂತೆ ಕಾಯುವುದು ಆಸನದ ಹಿಂದಿನ ಉಕ್ಕಿನ ಕಮಾನು. ಅದರೊಡನೆ ಆಸನದ ಪಟ್ಟಿಯನ್ನೂ ಕಟ್ಟಿಕೊಂಡಿರಬೇಕು. ಸ್ವೀಡನ್ ದೇಶವು ಹೊಸ ಟ್ರಾಕ್ಟರುಗಳಿಗೆ ಇಂತಹ ರಕ್ಷಣೆಯನ್ನು 1959ರಲ್ಲಿಯೇ ಕಡ್ಡಾಯಗೊಳಿಸಿತು. ಕೊಂಬೆಗಳಿಗೆ ತಗಲುವುದೆಂದು ಕಮಾನನ್ನೇ ಕಳಚಿಡುವವರುಂಟು. ಮಡಿಸುವ ಕಮಾನು ದೊರೆಯುತ್ತಿರುವಾಗ ಈ ನೆವವು ಸಲ್ಲದು.

ಹಣ ಕೊಡುವುದಕ್ಕೆ ಮುಂಚೆ, ಹೊರೆ ತುಂಬಿದ ಟ್ರೈಲರಿನೊಡನೆ ತಮ್ಮ ಜಮೀನಿನ ದಾರಿಯಲ್ಲಿಯೇ, ಮಾರುವವರ ನುರಿತ ಚಾಲಕನಿಂದ ಯಂತ್ರವನ್ನು ಹತ್ತಿಸಿ ಇಳಿಸಿ ನೋಡತಕ್ಕದ್ದು. ಎಡಬಲದ ಬ್ರೇಕು ಪೆಡಲುಗಳನ್ನು ಕೊಂಡಿಯಿಂದ ಕೂಡಿಸಿ, ಕಡಿಮೆ ವೇಗದ ಗೇರಿನಲ್ಲಿ ಇಳಿಯಬೇಕು. ಒಂದೇ ಪೆಡಲನ್ನು ತುಳಿದರೆ ಯಂತ್ರವು ತಟ್ಟನೆ ಪಕ್ಕಕ್ಕೆ ತಿರುಗುವುದು.